ಚರ್ಚಿನ ಸಭೆಯವರು ಸಹಾಯ ಮಾಡ್ತೀವಿ ಅಂದಾಗ ಬಾಯಿಗೆ ‘ಬೇಡ’ ಅಂತಲೇ ಬರುತ್ತೆ. ಏನು ಮಾಡಲಿ?

ವಿಜಯಪುರದ ಟೀಚರ್

ಎಲ್ಲರಿಗೂ ವಂದನೆ.

ನನ್ನ ಯಜಮಾನರಿಗೆ ಎರಡೂ ಕಿಡ್ನಿ ಕೈಕೊಟ್ಟಿವೆ. ವಾರಕ್ಕೆ ಮೂರು ಸಲ ಡಯಾಲಿಸಿಸ್. ಪ್ರತಿ ಸಲ ನಾಲ್ಕು ತಾಸು ಮಷೀನಿಗೇ ಬೇಕು. ಹೋಗಿ ಬರೋದು, ಪಾಳಿಗೆ ಕಾಯೋದು ಸೇರಿದರೆ ಅರ್ಧ ದಿನ ಹೋಯಿತು. ನಾನು ಖಾಸಗಿ ಶಾಲೆಯಲ್ಲಿ ಟೀಚರ್. ರಜೆ ಎಲ್ಲಾ ಮುಗಿದು ಈಗ ಪಗಾರ ಕಡಿತ ಆಗ್ತಿದೆ. ಮಗಳು ಎಸ್ಸೆಸ್ಸೆಲ್ಸಿ.

ನಮ್ಮದು ಚಿಕ್ಕ ಸಭೆ. ಎಲ್ಲರ ಮನೆ ಎಲ್ಲರಿಗೂ ಗೊತ್ತು. ಸ್ತ್ರೀ ಸಂಘದವರು ಪಾಳಿ ಹಾಕಿಕೊಂಡು ಊಟ ಕಳಿಸ್ತೀವಿ ಅಂತಾರೆ. ಯೌವನಸ್ಥರ ಕೂಟದ ಹುಡುಗರು ದವಾಖಾನೆಗೆ ಗಾಡಿ ಮೇಲೆ ಕರ್ಕೊಂಡು ಹೋಗ್ತೀವಿ ಅಂತಾರೆ. ಸಮಿತಿಯವರು ಒಂದು ಪಾಕೀಟು ತಂದು ಟೇಬಲ್ ಮೇಲೆ ಇಟ್ಟು ಪ್ರಾರ್ಥನೆ ಮಾಡಿ ಹೋದರು. ಅದನ್ನು ನಾವು ಇನ್ನೂ ಬಿಚ್ಚಿಲ್ಲ.

ನಮ್ಮಪ್ಪ ಸಭೆಯ ಖಜಾಂಚಿ ಆಗಿದ್ದವರು. ಸುಗ್ಗಿ ಹಬ್ಬದ ಹರಾಜಿನಲ್ಲಿ ಯಾರೋ ಬಡವರು ತಂದ ಒಂದು ಕುಂಬಳಕಾಯಿಗೂ ಜಾಸ್ತಿ ದುಡ್ಡು ಕೂಗಿ ತಗೋತಿದ್ದರು. ಕೊಡೋ ಮನೆಯಲ್ಲಿ ಬೆಳೆದ ಕೈ ನಂದು. ತಗೊಳ್ಳೋಕೆ ಮುಂದಕ್ಕೆ ಬರ್ತಿಲ್ಲ. ನಮ್ಮವರಂತೂ "ಹಂಗಿನ ಅರಮನಿಗಿಂತ ನಮ್ಮ ಗುಡಿಸಲಾ ಛಲೋ, ಯಾರೂ ಬರೂದು ಬ್ಯಾಡ" ಅಂತ ಕೂತಿದ್ದಾರೆ.

ಇನ್ನೊಂದು ಸಂಕಟ ಇದೆ. ಭಾನುವಾರ ಪ್ರಕಟಣೆಯಲ್ಲಿ ನಮ್ಮ ಹೆಸರು ಹೇಳ್ತಾರೆ. ಆಗ ಎಲ್ಲರೂ ಒಮ್ಮೆ ತಿರುಗಿ ನೋಡ್ತಾರೆ. ಮಗಳು ತಲೆ ಬಗ್ಗಿಸಿಬಿಡ್ತಾಳೆ.

ಸಹಾಯ ಬೇಕು ಅನ್ನೋದು ಖರೆ. ಅದನ್ನು ಹೇಗೆ ತಗೋಬೇಕು ಅನ್ನೋದು ಗೊತ್ತಾಗ್ತಿಲ್ಲ. ಇದನ್ನು ದಾಟಿ ಬಂದವರು ಇದ್ದರೆ ಹೇಳಿ.

ಇಂಡಿ ರೈತ

ಅಕ್ಕಾ, ತಗೊಳ್ಳಿ. ಅಷ್ಟು ಯೋಚನೆ ಮಾಡಬೇಡಿ. ಡಯಾಲಿಸಿಸ್ ಅಂದರೆ ಒಂದೆರಡು ವಾರಕ್ಕೆ ಮುಗಿಯೋದಲ್ಲ. ಒಬ್ಬರೇ ಎಷ್ಟು ದಿನ ಓಡಾಡ್ತೀರಿ? ನೀವು ಮಲಗಿದರೆ ಆ ಮನೆ ನಡೆಸೋರು ಯಾರು?

ನಿವೃತ್ತ ನರ್ಸ್, ನವನಗರ ಬಾಗಲಕೋಟೆ

ತಂಗಿ, ಮನಸ್ಸಿನ ಮಾತು ಬೇರೆಯವರು ಹೇಳ್ತಾರೆ. ನಾನು ಕೆಲಸದ ಮಾತು ಹೇಳ್ತೀನಿ. ನಿಮ್ಮ ಮನೆಗೆ ಬರೋ ಸಹಾಯ ಎಂಥದ್ದಿರಬೇಕು ಅಂತ ನೀವೇ ಹೇಳಲೇಬೇಕು. ಇದು ಬರೀ ಮರ್ಯಾದೆಯ ವಿಷಯ ಅಲ್ಲ, ಜೀವದ ವಿಷಯ.

ನಮ್ಮ ಕಡೆ ಪೇಷಂಟ್ ನೋಡೋಕೆ ಹೋಗುವಾಗ ಏನು ಒಯ್ತೀವಿ? ಎಳನೀರು, ಬಾಳೆಹಣ್ಣು. ಡಯಾಲಿಸಿಸ್ ಪೇಷಂಟಿಗೆ ಇವೆರಡೂ ಅಪಾಯ. ಎರಡರಲ್ಲೂ ಪೊಟ್ಯಾಸಿಯಂ ಜಾಸ್ತಿ. ಕಿಡ್ನಿ ಅದನ್ನು ಹೊರಗೆ ಹಾಕೋದಿಲ್ಲ. ರಕ್ತದಲ್ಲಿ ಏರಿದರೆ ಹೃದಯದ ಬಡಿತ ತಪ್ಪುತ್ತೆ. ಪ್ರೀತಿಯಿಂದಲೇ ತಂದಿರ್ತಾರೆ, ಇವರೂ ಬೇಡ ಅನ್ನೋಕೆ ನಾಚಿಕೊಂಡು ಕುಡೀತಾರೆ, ರಾತ್ರಿ ಎಮರ್ಜೆನ್ಸಿಗೆ ಬರ್ತಾರೆ. ವಾರ್ಡಿನಲ್ಲಿ ನಾನು ಇದನ್ನು ಕಣ್ಣಾರೆ ನೋಡಿದ್ದೀನಿ.

ನೀರಿಗೂ ಲೆಕ್ಕ ಇದೆ. ದಿನಕ್ಕೆ ಎಷ್ಟು ಅಂತ ಡಾಕ್ಟರು ಹೇಳಿರ್ತಾರೆ. ಚಹಾ, ಮಜ್ಜಿಗೆ, ಸಾರು, ಅಂಬಲಿ ಎಲ್ಲವೂ ಆ ಲೆಕ್ಕದಲ್ಲೇ ಬರುತ್ತೆ. ನೋಡೋಕೆ ಬಂದ ಪ್ರತಿಯೊಬ್ಬರ ಜೊತೆ ಒಂದೊಂದು ಕಪ್ ಚಹಾ ಕುಡಿದರೆ ಸಂಜೆಗೆ ಕಾಲು ಊದುತ್ತೆ, ಮಲಗಿದರೆ ಉಸಿರು ಕಟ್ಟುತ್ತೆ. ಉಪ್ಪಿನಕಾಯಿ, ಹಪ್ಪಳ, ಉಪ್ಪು ಹಾಕಿದ ಚಟ್ನಿಪುಡಿ ಬೇಡ. ಕಾಯಿಪಲ್ಲೆ ಹೆಚ್ಚಿ ಜಾಸ್ತಿ ನೀರಿನಲ್ಲಿ ಕುದಿಸಿ ಆ ನೀರು ಚೆಲ್ಲಿ ಆಮೇಲೆ ಒಗ್ಗರಣೆ ಹಾಕಬೇಕು. ‘ಲೋ ಸೋಡಿಯಂ’ ಉಪ್ಪು ಒಳ್ಳೇದು ಅಂತ ಯಾರಾದರೂ ತಂದರೆ ಅದನ್ನು ಬಳಸಲೇಬೇಡಿ. ಅದರಲ್ಲಿ ಪೊಟ್ಯಾಸಿಯಂ ಇರುತ್ತೆ. ನಿಮ್ಮ ಡಾಕ್ಟರ ಚೀಟಿಯೇ ಕೊನೆ ಮಾತು, ನಾನು ಹೇಳಿದ್ದು ಸಾಮಾನ್ಯವಾಗಿ ಎಲ್ಲರಿಗೂ ಹೇಳೋದು.

ಕೈಗೆ ಫಿಸ್ಟುಲಾ (ಡಯಾಲಿಸಿಸ್ ಸೂಜಿ ಹಾಕೋಕೆ ರಕ್ತನಾಳ ಜೋಡಿಸಿದ ಜಾಗ) ಮಾಡಿದ್ದರೆ ಆ ಕೈಯಲ್ಲಿ ಭಾರ ಎತ್ತಬಾರದು, ಬಿಪಿ ನೋಡಬಾರದು, ಇಂಜೆಕ್ಷನ್ ಚುಚ್ಚಬಾರದು, ಬಿಗಿಯಾದ ವಾಚೂ ಬೇಡ. ಗಾಡಿ ಮೇಲೆ ಹತ್ತಿಸುವ ಹುಡುಗರು ಅದೇ ಕೈ ಹಿಡಿದು ಎಳೀತಾರೆ. ಅವರಿಗೆ ಮೊದಲೇ ತೋರಿಸಿಬಿಡಿ.

ನೀವು ಸುಮ್ನೆ ‘ಬೇಡ, ಬೇಡ’ ಅಂತಿದ್ದರೆ ಅವರು ಕೇಳೋದಿಲ್ಲ, ಎಳನೀರು ತಂದೇ ತರ್ತಾರೆ. ‘ಇದು ಬೇಕು, ಇದು ಬೇಡ’ ಅಂದರೆ ಕೇಳ್ತಾರೆ.

ಜಮಖಂಡಿ ಹುಡುಗ

ಎಲ್ಲರೂ ತಗೊಳ್ಳಿ ಅಂತಿದ್ದೀರಿ. ನಾನು ಇನ್ನೊಂದು ಮಗ್ಗಲು ಹೇಳ್ತೀನಿ, ಬೇಜಾರಾಗಬೇಡಿ.

ಅಪ್ಪ ತೀರಿಕೊಂಡಾಗ ನಾನು ಪಿಯುಸಿ. ಒಂದು ಸಭೆಯವರು ಅಮ್ಮನಿಗೆ ಅಕ್ಕಿ ಚೀಲ, ಎಣ್ಣೆ, ಬೇಳೆ ಕೊಟ್ಟರು. ಕೊಡುವಾಗ ಅಮ್ಮನನ್ನು ಚೀಲದ ಪಕ್ಕ ನಿಲ್ಲಿಸಿ ಫೋಟೋ ತೆಗೆದರು. ಅದು ವಾಟ್ಸಾಪ್ ಗ್ರೂಪಿನಲ್ಲಿ ಬಂತು. ನನ್ನ ಜೊತೆ ಓದೋರು ನೋಡಿದರು. ಅಮ್ಮ ಆ ಫೋಟೋದಲ್ಲಿ ಸೆರಗು ತಲೆ ಮೇಲೆ ಎಳ್ಕೊಂಡು, ಕ್ಯಾಮೆರಾ ಬಿಟ್ಟು ಬೇರೆ ಎಲ್ಲೋ ನೋಡ್ತಿದ್ದಾಳೆ.

ಆಮೇಲೆ ಶುರುವಾಯಿತು. ತಂಗಿಗೆ ಹೊಸ ಚಪ್ಪಲಿ ತಂದರೆ ‘ರೊಕ್ಕ ಎಲ್ಲಿಂದ ಬಂತು’. ಸೋದರಮಾವ ಹಳೇ ಟಿವಿ ಕೊಟ್ಟರೆ ‘ಟಿವಿ ತಗೊಂಡಾರಂತಲ್ಲ’. ಒಂದು ಭಾನುವಾರ ಆರಾಧನೆಗೆ ಹೋಗದಿದ್ದರೆ ‘ನಾವು ಬೇಕಾದಾಗ ದಿನಾ ಬರ್ತಿದ್ದರು’. ಅಕ್ಕಿ ಒಂದು ತಿಂಗಳಿಗೆ ತೀರಿತು. ಈ ಮಾತುಗಳು ಮಾತ್ರ ಬಹಳ ದಿನ ನಡೆದವು.

ಅಕ್ಕನ ಯಜಮಾನರು ಹಂಗು ಬೇಡ ಅನ್ನೋದರಲ್ಲಿ ಅರ್ಥ ಇದೆ. ತಗೊಳ್ಳಿ, ಆದರೆ ಮೊದಲೇ ಹೇಳಿ. ಫೋಟೋ ಇಲ್ಲ. ಗ್ರೂಪಿನಲ್ಲಿ ಹೆಸರಿಲ್ಲ. ನಮ್ಮ ಮನೆ ಖರ್ಚಿನ ಬಗ್ಗೆ ಮಾತಿಲ್ಲ. ಒಪ್ಪದಿದ್ದರೆ ಬೇಡವೇ ಬೇಡ.

ಗುಳೇದಗುಡ್ಡದ ಹಿರಿಯ

ಜಮಖಂಡಿ ತಮ್ಮಾ, ನಿಮ್ಮ ತಾಯಿಗೆ ಆದದ್ದು ಓದಿ ಹೊಟ್ಟೆಯಲ್ಲಿ ಸಂಕಟ ಆಯಿತು. ಅದು ಸಭೆ ನಡೆದುಕೊಳ್ಳುವ ರೀತಿ ಅಲ್ಲ.

ನಮ್ಮೂರಿಗೆ ಬಾಸೆಲ್ ಮಿಷನ್ ಅನ್ನೋ ಕ್ರೈಸ್ತ ಮಿಷನರಿ ಸಂಸ್ಥೆ ಬಂದದ್ದು 1851ರಲ್ಲಿ. ನಮ್ಮದು ಮಗ್ಗದ ಊರು, ಖಣದ ಊರು. ಅಜ್ಜ ಹೇಳ್ತಿದ್ದರು: ಸಭೆಗೆ ಸೇರಿದ ಮನೆಗಳನ್ನು ಬಳಗದವರು ದೂರ ಇಟ್ಟಾಗ ಬಾಣಂತನಕ್ಕೂ ಹೆಣ ಹೊರೋಕೂ ಸಭೆಯವರೇ ಆಗಬೇಕಾಯಿತು. ಬೀಗರು, ಅಣ್ಣತಮ್ಮಂದಿರು ಮಾಡೋ ಕೆಲಸ ಎಲ್ಲಾ ಅವರೇ ಮಾಡಿದರು. ಅವರಿಗೆ ಅದು ಉಪಕಾರ ಅಂತ ಅನಿಸಿರಲಿಲ್ಲ, ಮನೆ ಕೆಲಸ ಅಂತ ಅನಿಸಿತ್ತು. ಮಗ್ಗಕ್ಕೆ ಹಾಸು ಹೂಡೋದು ಒಬ್ಬರ ಕೈಲಿ ಆಗೋದಿಲ್ಲ, ಅಕ್ಕಪಕ್ಕದ ಮನೆಯವರು ಕೈಹಚ್ಚಬೇಕು. ಹಾಗೆ ಬದುಕಿದ ಜನ ಅವರು.

ಈಗ ಎಲ್ಲರಿಗೂ ಪಗಾರ, ಎಲ್ಲರಿಗೂ ಗೇಟು. ಯಾರಿಗೆ ಏನು ಬೇಕು ಅನ್ನೋದು ಗೊತ್ತಾಗೋದೇ ಇಲ್ಲ. ಹೀಗಾಗಿ ಸಹಾಯ ಅಂದ ಕೂಡಲೇ ಮೇಲಿನವರು, ಕೆಳಗಿನವರು ಅನ್ನೋ ಭಾವನೆ ಬಂದುಬಿಡುತ್ತೆ.

ಮದುವೆಯಲ್ಲಿ ಆಹೇರಿ ಬರೀತೀವಲ್ಲ, ಯಾರು ಎಷ್ಟು ಕೊಟ್ಟರು ಅಂತ ವಹಿಯಲ್ಲಿ. ಅವರ ಮನೆ ಮದುವೆಗೆ ಅಷ್ಟೇ, ಇಲ್ಲ ಸ್ವಲ್ಪ ಜಾಸ್ತಿ, ತಿರುಗಿ ಕೊಡ್ತೀವಿ. ಹೊಲದಲ್ಲಿ ಮುಯ್ಯಾಳು ಅಂತ ಹೋಗ್ತೀವಿ. ಇವತ್ತು ನಿಮ್ಮ ಹೊಲ, ನಾಳೆ ನಮ್ಮ ಹೊಲ. ಟೀಚರ್ ತಾಯಿ ತಲೆಯಲ್ಲಿ ಅದೇ ವಹಿ ಓಡ್ತಿದೆ ಅನಿಸುತ್ತೆ. ಈ ಋಣ ಯಾವಾಗ ತೀರಿಸಲಿ ಅಂತ. ಸಭೆಯಲ್ಲಿ ಕೊಟ್ಟವರಿಗೇ ತಿರುಗಿ ಕೊಡಬೇಕು ಅಂತೇನಿಲ್ಲ. ನಿಮ್ಮಪ್ಪ ಆ ಕುಂಬಳಕಾಯಿ ತಗೊಂಡು ಯಾರಿಗೋ ಒಬ್ಬರಿಗೆ ಮರ್ಯಾದೆ ಉಳಿಸಿದರಲ್ಲ, ಆ ಮನೆಯವರು ಅದನ್ನು ನಿಮ್ಮಪ್ಪನಿಗೆ ತೀರಿಸಿದರಾ? ಇಲ್ಲ. ಎಲ್ಲೋ ಯಾರಿಗೋ ಮುಟ್ಟಿಸಿರ್ತಾರೆ.

ಬೈಬಲ್ಲಿನ ರೂತಳ ಕಥೆ ನೆನಪು ಮಾಡ್ಕೊಳ್ಳಿ, ಪರದೇಶದಿಂದ ಬಂದು ತೆನೆ ಆರಿಸಿದ ಬಡ ವಿಧವೆ. ನಮ್ಮ ಜನಕ್ಕೆ ಆ ಕಥೆ ಬಿಡಿಸಿ ಹೇಳಬೇಕಾಗಿಲ್ಲ. ಬಿಳಿಜೋಳದ ರಾಶಿ ಕಾಲಕ್ಕೆ ಹಕ್ಕಲು ಆರಿಸೋದು ನೋಡಿದವರು ನಾವು. ಹೊಲದ ಅಂಚಿನ ತೆನೆ ಪೂರ್ತಿ ಕೊಯ್ಯಬಾರದು, ಬಿದ್ದದ್ದನ್ನು ಆಯಬಾರದು, ಅದು ಬಡವರಿಗೂ ಪರದೇಶಿಗಳಿಗೂ ಬಿಡಬೇಕು ಅಂತ ಯಾಜಕಕಾಂಡದಲ್ಲೇ ಕಟ್ಟಳೆ ಇದೆ. ಅಂದರೆ ರೂತಳು ಭಿಕ್ಷೆ ಬೇಡಲಿಲ್ಲ, ತನಗೆ ಇದ್ದ ಹಕ್ಕು ತಗೊಂಡಳು. ಹೊಲದ ಒಡೆಯ ಬೋವಜ ತನ್ನ ಆಳುಗಳಿಗೆ ಏನು ಹೇಳಿದ? ಸಿವುಡಿನಿಂದ ಬೇಕಂತಲೇ ಒಂದಿಷ್ಟು ತೆನೆ ಕೆಳಗೆ ಬಿಡಿ, ಅವಳು ಆರಿಸಿಕೊಳ್ಳಲಿ, ಗದರಿಸಬೇಡಿ. ಕೊಟ್ಟದ್ದು ಗೊತ್ತಾಗದ ಹಾಗೆ ಕೊಟ್ಟ. ಜಮಖಂಡಿಯಲ್ಲಿ ಫೋಟೋ ತೆಗೆದವರು ಈ ಅಧ್ಯಾಯ ಓದಬೇಕು.

ಬೆಳಗಾವಿ ಕ್ಯಾಂಪ್, ಕಥೋಲಿಕ

ನಾನು ಬೇರೆ ಸಭೆಯವನು, ಆದರೂ ಹೇಳ್ತೀನಿ. ಸೇಂಟ್ ವಿನ್ಸೆಂಟ್ ಡಿ ಪಾಲ್ ಸೊಸೈಟಿಯಲ್ಲಿ ಕೆಲಸ ಮಾಡ್ತೀನಿ. 1833ರಲ್ಲಿ ಪ್ಯಾರಿಸ್‌ನಲ್ಲಿ ಫ್ರೆಡರಿಕ್ ಓಝಾನಾಮ್ ಅನ್ನೋ ಕಾಲೇಜು ಹುಡುಗ ಗೆಳೆಯರ ಜೊತೆ ಶುರು ಮಾಡಿದ್ದು. ಪಾದ್ರಿಗಳದ್ದಲ್ಲ, ನಮ್ಮಂಥ ಸಾಮಾನ್ಯ ಜನರದ್ದು.

ಅವತ್ತಿನಿಂದ ಕ್ರಮ ಒಂದೇ. ಮನೆಗೇ ಹೋಗಬೇಕು. ಇಬ್ಬಿಬ್ಬರಾಗಿ ಹೋಗಬೇಕು. ಆ ಮನೆಯ ಮಾತು ಹೊರಗೆ ಬರಬಾರದು. ನಮ್ಮ ಕೂಟದಲ್ಲಿ ಒಂದು ಚೀಲ ತಿರುಗುತ್ತೆ. ಅದರಲ್ಲಿ ಕೈ ಹಾಕ್ತೀವಿ, ಯಾರು ಎಷ್ಟು ಹಾಕಿದರು ಅನ್ನೋದು ಪಕ್ಕದವರಿಗೂ ಗೊತ್ತಾಗಬಾರದು. ಕೊಟ್ಟವರ ಹೆಸರು ಗೊತ್ತಿಲ್ಲದಿದ್ದರೆ ತಗೊಂಡವರು ಯಾರ ಮುಂದೆ ತಲೆ ತಗ್ಗಿಸಬೇಕು ಹೇಳಿ?

ಕೊಡೋರ ಕಡೆಯಿಂದ ಒಂದು ಮಾತು. ಮನೆಗೆ ಹೋದಾಗ ಅವರು ಚಹಾ ಇಡ್ತಾರೆ. ಮೊದಮೊದಲು ನಮ್ಮ ಹೊಸ ಹುಡುಗರು ‘ಬೇಡ ಬೇಡ, ನಿಮಗ್ಯಾಕೆ ತೊಂದರೆ’ ಅಂತಿದ್ದರು. ಹಿರಿಯರು ತಿದ್ದಿದರು: ಅವರ ಚಹಾ ಕುಡಿಯದವನು ಅವರಿಗೆ ಏನೂ ಕೊಡಬಾರದು. ಈಗ ಕೂತು ಕುಡೀತೀವಿ. ಆ ಮನೆ ಹೆಣ್ಣುಮಗಳ ಮುಖ ಆಗ ನೋಡಬೇಕು. ತಟ್ಟೆ ಒರೆಸಿ, ಇದ್ದದ್ದರಲ್ಲಿ ಒಳ್ಳೆಯ ಕಪ್ಪು ಹುಡುಕಿ ತರ್ತಾಳೆ. ಅವಳು ಅವತ್ತು ಮನೆಯೊಡತಿ.

ಮುಧೋಳ ತಾಲ್ಲೂಕು, ಅಂಗನವಾಡಿ

2019ರ ಆಗಸ್ಟ್‌ನಲ್ಲಿ ಪ್ರವಾಹ ಬಂದಾಗ ನಾವು ಕಾಳಜಿ ಕೇಂದ್ರದಲ್ಲಿದ್ದೆವು. ಎಲ್ಲೆಲ್ಲಿಂದಲೋ ಜನ ರೊಟ್ಟಿ ಬಡಿದು ಗಂಟು ಕಟ್ಟಿ ಕಳಿಸಿದರು. ಯಾರು ಅಂತ ಇವತ್ತಿಗೂ ಗೊತ್ತಿಲ್ಲ. ಉಂಡೆವು. ನಾಚಿಕೆ ಅನಿಸಲಿಲ್ಲ, ಯಾಕಂದರೆ ಎಲ್ಲರ ಮನೆಯಲ್ಲೂ ನೀರು.

ನರ್ಸ್ ಅಕ್ಕ ಹೇಳಿದ್ದು ಖರೆ. ಅದೇ ಸಮಯದಲ್ಲಿ ಹಳೇ ಬಟ್ಟೆ ರಾಶಿ ರಾಶಿ ಬಂದವು, ಉಡೋರು ಇರಲಿಲ್ಲ. ನಮಗೆ ಬೇಕಾಗಿದ್ದು ಹಾಸಿಗೆ, ಬಿಪಿ ಮಾತ್ರೆ, ಹೆಣ್ಣುಮಕ್ಕಳಿಗೆ ಪ್ಯಾಡು. ಕೇಳಿದ ಮೇಲೆ ಬಂದವು.

ಮನೆಗೆ ರೋಗ ಬಂದರೆ ಅದು ನಿಮ್ಮೊಬ್ಬರ ಮನೆಗೆ ಮಾತ್ರ ಬಂದ ಹಾಗೆ ಅನಿಸುತ್ತೆ. ಅದಕ್ಕೇ ನಾಚಿಕೆ ಅಲ್ವಾ?

ವಿಜಯಪುರದ ಟೀಚರ್

ಎಲ್ಲರ ಮಾತೂ ಓದಿದೆ. ಕೆಲವನ್ನು ನಮ್ಮವರಿಗೂ ಓದಿ ಹೇಳಿದೆ. ಎಳನೀರಿನ ಮಾತಿಗೆ ಅವರು ನನ್ನ ಮುಖ ನೋಡಿದರು. ಹೋದ ವಾರ ಬಂದವರೊಬ್ಬರು ತಂದಿದ್ದರು, ಫ್ರಿಜ್ಜಿನ ಪಕ್ಕ ಹಾಗೇ ಇದೆ.

ಮುಧೋಳದ ಅಕ್ಕಾ, ನೀವು ಹೇಳಿದ್ದು ಸರಿ. ಅದಕ್ಕೇ ನಾಚಿಕೆ.

ಒಂದು ಚಿಕ್ಕ ವಿಷಯ ಕೇಳಬೇಕಿತ್ತು. ನಮ್ಮ ಕಡೆ ಯಾರ ಡಬ್ಬಿಯನ್ನೂ ಖಾಲಿ ತಿರುಗಿ ಕೊಡೋ ರೂಢಿ ಇಲ್ಲ. ಏನಾದರೂ ಹಾಕಿ ಕೊಡಬೇಕು. ಈಗ ದಿನಾ ಒಂದು ಮನೆಯ ಡಬ್ಬಿ ಬಂದರೆ ದಿನಾ ಏನು ಹಾಕಲಿ? ಈಗಲೇ ನಾಲ್ಕು ಮನೆಯ ಸ್ಟೀಲ್ ಡಬ್ಬಿಗಳು ಅಡುಗೆಮನೆ ಕಟ್ಟೆ ಮೇಲೆ ಕೂತಿವೆ. ತೊಳೆದು, ಬಟ್ಟೆಯಿಂದ ಒರೆಸಿ, ಯಾರದು ಯಾವುದು ಅಂತ ಚೀಟಿ ಅಂಟಿಸಿ ಇಟ್ಟಿದ್ದೀನಿ. ಏನೂ ಹಾಕೋಕೆ ಆಗಿಲ್ಲ, ಖಾಲಿ ಕೊಡೋಕೆ ಮನಸ್ಸಿಲ್ಲ.

ದುಡ್ಡಿನ ವಿಷಯವೂ ಹೇಳಿ. ಪಾಕೀಟು ಬಿಚ್ಚಲಾ?

ನಿವೃತ್ತ ನರ್ಸ್, ನವನಗರ ಬಾಗಲಕೋಟೆ

ಒಂದು ಚಮಚ ಸಕ್ಕರೆ ಹಾಕಿ ಕೊಡಿ ತಂಗಿ. ನಮ್ಮವ್ವ ಹಾಗೇ ಮಾಡ್ತಿದ್ದಳು. ಸಕ್ಕರೆ ಇಲ್ಲದ ದಿನ ನಾಲ್ಕು ಕರಿಬೇವಿನ ಎಲೆ. ರೂಢಿಯೂ ಉಳೀತು, ನಿಮ್ಮ ಮನಸ್ಸೂ ಉಳೀತು.

ಆರೋಗ್ಯ ಇಲಾಖೆಯವ, ಬೆಳಗಾವಿ

ದುಡ್ಡಿನ ಮಾತಿಗೆ ಬರುವ ಮೊದಲು ಒಂದು ವಿಚಾರ. ಸಭೆಯ ಸಹಾಯ ಬೇರೆ, ಸರ್ಕಾರದಿಂದ ಸಿಗಬೇಕಾದ್ದು ಬೇರೆ. ಒಂದನ್ನು ಬಿಟ್ಟು ಇನ್ನೊಂದು ತಗೋಬೇಡಿ.

ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕಾರ್ಡ್ ಇರೋ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ. ಎಪಿಎಲ್ ಆದರೆ ಪ್ಯಾಕೇಜ್ ದರದ ಶೇ. 30ರಷ್ಟು, ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ. ದೇಶದಲ್ಲಿ 2016ರಲ್ಲಿ ಶುರುವಾದ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮದಲ್ಲಿ ಜಿಲ್ಲಾಸ್ಪತ್ರೆಗಳಲ್ಲಿ ಬಡವರಿಗೆ ಉಚಿತ ಡಯಾಲಿಸಿಸ್ ವ್ಯವಸ್ಥೆ ಇದೆ. ನೀವು ಹೋಗೋ ದವಾಖಾನೆಯಲ್ಲಿ ಆರೋಗ್ಯಮಿತ್ರ ಅಂತ ಇರ್ತಾರೆ. ರೇಷನ್ ಕಾರ್ಡು, ಆಧಾರ್ ತಗೊಂಡು ಅವರನ್ನು ನೋಡಿ.

ಇದಕ್ಕೂ ಸಹಾಯ ಕೇಳಬಹುದು. ಕಚೇರಿ ಕಾಗದಪತ್ರ ಗೊತ್ತಿರೋ ಒಬ್ಬರು ನಿಮ್ಮ ಸಭೆಯಲ್ಲಿ ಇದ್ದೇ ಇರ್ತಾರೆ. ನಿಮ್ಮ ಬದಲು ಅವರು ಅರ್ಧ ದಿನ ಪಾಳಿಯಲ್ಲಿ ನಿಂತರೆ ನಿಮ್ಮ ಒಂದು ದಿನದ ಪಗಾರ ಉಳೀತು.

ನಿವೃತ್ತ ಬಸ್ ಡ್ರೈವರ್, ಬೆಳಗಾವಿ

ನಾನು ಟೀಚರ್ ಅವರ ಯಜಮಾನರಿಗೆ ಬರೀತಿದ್ದೀನಿ. ಅಣ್ಣಾವ್ರೆ, ಓದ್ತಿದ್ದೀರಿ ಅಂತ ಅಂದುಕೊಳ್ತೀನಿ.

ವಾಯವ್ಯ ಸಾರಿಗೆಯಲ್ಲಿ ಡ್ರೈವರ್ ಆಗಿದ್ದೆ. ಬಸ್ಸಿನ ತುಂಬಾ ಜನರನ್ನು ಕೂರಿಸಿಕೊಂಡು ರಾತ್ರಿ ಘಟ್ಟ ಇಳಿಸಿದ ಕೈ. ಲಕ್ವಾ ಹೊಡೆದು ಬಲಗಡೆ ಬಿತ್ತು. ಅಂಗಿ ಗುಂಡಿ ಹಾಕೋಕೆ ಆಗದು. ಮನೆಯವಳಿಗೆ ಬೆನ್ನುನೋವು, ನನ್ನನ್ನು ಎತ್ತೋಕೆ ಆಗದು. ಸಭೆಯ ಒಬ್ಬ ಹುಡುಗ ಬೆಳಗ್ಗೆ ಬಂದು ಸ್ನಾನ ಮಾಡಿಸ್ತೀನಿ ಅಂದ. ನಾನು ಸಿಟ್ಟು ಮಾಡಿದೆ. ಗೋಡೆ ಕಡೆ ಮುಖ ಮಾಡಿ ಮಲಗಿದೆ. ಅವನು ಮರುದಿನವೂ ಬಂದ, ಅದರ ಮರುದಿನವೂ ಬಂದ. ಸ್ನಾನದ ಮಾತೇ ಎತ್ತಲಿಲ್ಲ. ನನ್ನ ಹಳೇ ರೂಟಿನ ಬಗ್ಗೆ ಕೇಳ್ತಿದ್ದ. ಚೋರ್ಲಾ ಘಟ್ಟದ ತಿರುವು ಯಾವುದು ಕಷ್ಟ, ಮಳೆಗಾಲದಲ್ಲಿ ಹೇಗೆ ಅಂತ. ಒಂದು ದಿನ ನಾನೇ ‘ನಡಿಯಪ್ಪಾ, ನೀರು ಕಾಯ್ದಾವ’ ಅಂದೆ.

ಅವನು ಸ್ಟೂಲಿನ ಮೇಲೆ ಕೂರಿಸಿ, ಎಡಗೈಯಿಂದ ನನ್ನ ತಲೆ ಹಿಡಿದು, ಬಲಗೈಯಿಂದ ನೀರು ಹಾಕ್ತಿದ್ದ. ಕಣ್ಣಿಗೆ ಸೋಪು ಬೀಳದ ಹಾಗೆ ಹಣೆಗೆ ಅಂಗೈ ಅಡ್ಡ ಇಡ್ತಿದ್ದ. ಕಾಲಿನ ಬೆರಳ ಸಂದಿ ಒರೆಸುವಾಗ ಕೆಳಗೆ ಕೂತಿದ್ದ. ನನಗೆ ಯೇಸು ಕಾಲು ತೊಳೆಯೋಕೆ ಬಂದಾಗ ಬೇಡ ಅಂದ ಶಿಷ್ಯ ಪೇತ್ರ ನೆನಪಾದ. ನೀನು ನನ್ನ ಕಾಲು ಎಂದಿಗೂ ತೊಳೆಯಬಾರದು ಅಂದನಲ್ಲ, ಯೋಹಾನನ ಸುವಾರ್ತೆ 13ರಲ್ಲಿ. ಎಷ್ಟು ವರ್ಷ ಪವಿತ್ರ ಗುರುವಾರದ ಆರಾಧನೆಯಲ್ಲಿ ಆ ಪಾಠ ಕೇಳಿದ್ದೆ. ತೊಳೆಯುವವನ ಬಗ್ಗೆಯೇ ಪ್ರಸಂಗ ಕೇಳಿದ್ದೆ. ತೊಳೆಸಿಕೊಳ್ಳೋದು ಎಷ್ಟು ಕಷ್ಟ ಅಂತ ಆ ಸ್ಟೂಲಿನ ಮೇಲೆ ಗೊತ್ತಾಯಿತು.

ಅಣ್ಣಾವ್ರೆ, ಗಂಡಸರಿಗೆ ಕನಿಕರ ಆಗಿಬರೋದಿಲ್ಲ. ನನಗೂ ಇವತ್ತಿಗೂ ಆಗಿಬರೋದಿಲ್ಲ. ‘ಹ್ಯಾಂಗದೀರಿ’ ಅಂತ ಮುಖ ಸಣ್ಣ ಮಾಡಿ ಬರೋರು ಬೇಡ ಅನಿಸಿದರೆ ಬೇಡ ಅನ್ನಿ. ಕ್ರಿಕೆಟ್ ಮಾತಾಡೋರು, ಜೋಳದ ರೇಟು ಮಾತಾಡೋರು ಬರಲಿ. ಆ ನಾಲ್ಕು ತಾಸು ಮಷೀನಿನ ಪಕ್ಕ ಒಬ್ಬರೇ ಚಾವಣಿ ನೋಡ್ತಾ ಮಲಗೋದು ಬೇಡ.

ನರ್ಸಿಂಗ್ ಓದುತ್ತಿರುವವಳು

ಟೀಚರ್, ನಿಮ್ಮ ಮಗಳ ಬಗ್ಗೆ ಯಾರೂ ಬರೆದಿಲ್ಲ. ನಾನು ಆ ಜಾಗದಲ್ಲಿದ್ದವಳು. ಅಮ್ಮನಿಗೆ ಕ್ಯಾನ್ಸರ್ ಆದಾಗ ನಾನೂ ಹತ್ತನೇ ಕ್ಲಾಸು.

ಚರ್ಚಿಗೆ ಹೋದರೆ ಆಂಟಿಯರೆಲ್ಲಾ ಗಲ್ಲ ಸವರಿ ‘ಪಾಪ’ ಅನ್ನೋರು. ಅದು ನನಗೆ ಸಾಕಾಗಿ ಹೋಗಿತ್ತು. ಆದರೆ ಒಬ್ಬ ಆಂಟಿ ಹಾಗೆ ಮಾಡಲಿಲ್ಲ. ‘ನಮ್ಮ ಮಾಡಿ ಮೇಲಿನ ಖೋಲಿ ಖಾಲಿ ಅದ, ಓದಾಕ ಬಾ, ಕೀಲಿ ನಿನ್ನ ಹಂತ್ಯಾಕ ಇರಲಿ’ ಅಂದರು. ಅಷ್ಟೇ. ನಮ್ಮ ಮನೆಯಲ್ಲಿ ಬಂದು ಹೋಗೋರ ಗದ್ದಲ, ಅಮ್ಮನ ವಾಂತಿ, ಅಪ್ಪನ ಫೋನು. ಆ ಖೋಲಿಯಲ್ಲಿ ಒಂದು ಟೇಬಲ್, ಒಂದು ಫ್ಯಾನ್. ಆಂಟಿ ಮೇಲೆ ಬಂದು ಏನು ಓದ್ತಿದ್ದೀ ಅಂತಲೂ ಕೇಳ್ತಿರಲಿಲ್ಲ.

ಏನು ಬೇಕು ಅಂತ ಅವಳನ್ನೇ ಕೇಳಿ. ಪ್ರಕಟಣೆಯಲ್ಲಿ ಹೆಸರು ಹೇಳೋದು ಬೇಡ ಅಂತ ಅವಳಿಗನಿಸಿದರೆ ಅದನ್ನು ನಿಲ್ಲಿಸಿಬಿಡಿ. ಪ್ರಾರ್ಥನೆಗೆ ಮೈಕು ಬೇಕಾಗಿಲ್ಲ.

ಒಬ್ಬ ಸಭಾಪಾಲಕ

ನಾನು ಬಾಗಲಕೋಟೆ ಜಿಲ್ಲೆಯ ಒಂದು ಸಣ್ಣ ಸಭೆಯಲ್ಲಿ ಸೇವೆ ಮಾಡ್ತೀನಿ. ಪ್ರಕಟಣೆಯ ಬಗ್ಗೆ ಈ ಮಗಳು ಹೇಳಿದ್ದು ನಮ್ಮಂಥವರಿಗೆ ಮುಟ್ಟಬೇಕಾದ ಮಾತು. ಮನೆಯವರನ್ನು ಕೇಳದೆ ವೇದಿಕೆಯ ಮೇಲಿಂದ ಹೆಸರು, ರೋಗ ಹೇಳಬಾರದು. ಟೀಚರ್ ತಾಯಿ, ನಿಮ್ಮ ಅಯ್ಯನವರಿಗೆ ನೇರವಾಗಿ ಹೇಳಿ. ಅವರು ಬೇಜಾರು ಮಾಡಿಕೊಳ್ಳೋದಿಲ್ಲ.

ಈಗ ನನ್ನ ಮನಸ್ಸಿನಲ್ಲಿರೋ ಮುಖ್ಯ ವಿಷಯ. ನಮ್ಮ ಸಭೆಯಲ್ಲಿ ಕೊನೆಯ ಸಾಲಿನಲ್ಲಿ ಕೂರೋ ಒಬ್ಬ ತಾಯಿ ಇದ್ದಾಳೆ. ಮಗ ಸೊಸೆ ಗುಳೆ ಹೋಗ್ತಾರೆ, ಮೊಮ್ಮಕ್ಕಳು ಇವಳ ಹತ್ತಿರ. ಆರಾಧನೆ ಮುಗಿದ ಕೂಡಲೇ ಯಾರ ಕಣ್ಣಿಗೂ ಬೀಳದೆ ಹೋಗ್ತಾಳೆ. ಅಂಥವರು ಪ್ರತಿ ಸಭೆಯಲ್ಲೂ ಇದ್ದಾರೆ. ಅವರು ಮುಂದಿನ ಸಾಲಿನವರನ್ನು ನೋಡ್ತಿರ್ತಾರೆ. ಖಜಾಂಚಿಯ ಮಗಳು, ಟೀಚರ್, ಎಲ್ಲರೂ ಗೌರವ ಕೊಡೋ ಮನೆ. ಆ ಮನೆಯವರು ಇಷ್ಟು ಕಷ್ಟದಲ್ಲೂ ಬೇಡ ಅಂದರೆ ಆ ತಾಯಿಗೆ ಏನು ಅರ್ಥ ಆಗುತ್ತೆ? ಮರ್ಯಾದೆ ಇದ್ದವರು ತಗೊಳ್ಳೋದಿಲ್ಲ, ಗತಿಗೆಟ್ಟವರು ಮಾತ್ರ ತಗೋತಾರೆ ಅಂತ. ಆಮೇಲೆ ಅವಳು ಮೊಮ್ಮಗನಿಗೆ ಜ್ವರ ಬಂದರೂ ಬಾಯಿ ಬಿಡೋದಿಲ್ಲ.

ನೀವು ತಗೊಂಡರೆ, ಅದೂ ತಲೆ ಎತ್ತಿಕೊಂಡು ತಗೊಂಡರೆ, ಅವಳಿಗೆ ದಾರಿ ಆಗುತ್ತೆ. ಕೊಡುವ ಮನೆಗಳು ಬೇರೆ, ತಗೊಳ್ಳುವ ಮನೆಗಳು ಬೇರೆ ಅಂತ ಆಗಿಬಿಟ್ಟಿರೋ ಸಭೆಯಲ್ಲಿ ಫೋಟೋ ತೆಗೆಯೋರು ಹುಟ್ಟಿಕೊಳ್ತಾರೆ. ಕೊಡೋರೂ ಒಂದು ದಿನ ತಗೋತಾರೆ ಅಂತ ಕಣ್ಣಿಗೆ ಕಂಡರೆ ಆ ಧೈರ್ಯ ಯಾರಿಗೂ ಬರೋದಿಲ್ಲ.

ಗಲಾತ್ಯದವರಿಗೆ ಬರೆದ ಪತ್ರದ 6ನೇ ಅಧ್ಯಾಯದಲ್ಲಿ ಒಬ್ಬರ ಭಾರ ಒಬ್ಬರು ಹೊರಬೇಕು ಅಂತಲೂ ಇದೆ, ಎರಡು ವಚನ ಬಿಟ್ಟು ತನ್ನ ಹೊರೆ ತಾನೇ ಹೊರಬೇಕು ಅಂತಲೂ ಇದೆ. ನಿಮ್ಮ ಯಜಮಾನರು ಎರಡನೆಯದನ್ನು ಹಿಡಿದಿದ್ದಾರೆ. ಹಿಡಿಯಲಿ. ಮಾತ್ರೆ ನುಂಗೋದು, ನೀರಿನ ಲೆಕ್ಕ ಇಡೋದು, ಮಷೀನಿನ ನಾಲ್ಕು ತಾಸು ತಡೆಯೋದು, ಅದು ಅವರೇ ಹೊರಬೇಕಾದ ಹೊರೆ. ಬೇರೆ ಯಾರಿಂದಲೂ ಆಗದು. ದವಾಖಾನೆ ದಾರಿ, ರಾತ್ರಿ ಅಡುಗೆ, ಕಚೇರಿ ಪಾಳಿ, ಇವನ್ನು ಹಂಚಿಕೊಳ್ಳಬಹುದು.

ಪಾಕೀಟಿನ ಬಗ್ಗೆ ಕೇಳಿದಿರಿ. ಬಿಚ್ಚಿ. ಎಣಿಸಿ. ಯಾತಕ್ಕೆ ಖರ್ಚಾಯಿತು ಅಂತ ಯಾರಿಗೂ ಲೆಕ್ಕ ಕೊಡಬೇಕಾಗಿಲ್ಲ. ಕೊಡೋ ಕಡೆ ಮಾತ್ರ ಲೆಕ್ಕ ಸರಿಯಾಗಿರಬೇಕು. ಅಪೊಸ್ತಲರ ಕಾಲದಲ್ಲೇ ವಿಧವೆಯರಿಗೆ ದಿನದ ಊಟ ಹಂಚೋದರಲ್ಲಿ ಭೇದ ಮಾಡ್ತಿದ್ದಾರೆ ಅಂತ ಗೊಣಗಾಟ ಎದ್ದಿತು. ಅದಕ್ಕೇ ಏಳು ಜನರನ್ನು ಆರಿಸಿದರು. ಮುಂದೆ ದುಡ್ಡು ಕೊಡೋರು ಮನೆಗೆ ತರದೆ ಖಜಾಂಚಿ ಮೂಲಕ ಕೊಡಲಿ ಅಂತ ಹೇಳಿ. ಯಾರು ಎಷ್ಟು ಅನ್ನೋದು ನಿಮಗೆ ಗೊತ್ತಾಗೋದೇ ಬೇಡ.

ಜಮಖಂಡಿ ಹುಡುಗ

ಅಯ್ಯನವರೇ, ಇದನ್ನು ಯಾರೂ ಹೀಗೆ ಹೇಳಿರಲಿಲ್ಲ. ನಮ್ಮಮ್ಮನ ಸಾಲಿನಲ್ಲಿ ಒಬ್ಬ ಟೀಚರ್ ಕೂಡ ನಿಂತು ಅದೇ ಅಕ್ಕಿ ತಗೊಂಡಿದ್ದರೆ ಫೋಟೋ ತೆಗೀತಿರಲಿಲ್ಲ. ಅದಂತೂ ಖರೆ.

ವಿಜಯಪುರದ ಟೀಚರ್

ಮಗಳನ್ನು ಕೇಳಿದೆ. ‘ಗಣಿತಕ್ಕೆ ಯಾರಾದರೂ ಹೇಳಿಕೊಡಲಿ, ಆದರೆ ನಮ್ಮನೇಲಿ ಬೇಡ’ ಅಂದಳು. ಪ್ರಕಟಣೆ ಬೇಡ ಅಂದಳು. ನಮ್ಮವರು ಡ್ರೈವರ್ ಅಣ್ಣನ ಮಾತು ಎರಡು ಸಲ ಓದಿಸಿಕೊಂಡರು. ‘ಊಟ ಬ್ಯಾಡ, ಬುಧವಾರ ಯಾರರೆ ದವಾಖಾನಿಗೆ ಬಂದ್ರ ಬರ್ಲಿ’ ಅಂದರು. ಅವರ ಬಾಯಿಂದ ಇಷ್ಟು ಬಂದದ್ದೇ ದೊಡ್ಡದು.

ಸ್ತ್ರೀ ಸಂಘದ ಕಾರ್ಯದರ್ಶಿಗೆ ಕಳಿಸೋಕೆ ಹೀಗೆ ಬರೆದಿದ್ದೀನಿ. ನೋಡಿ ಹೇಳಿ:

"ಅಕ್ಕಾವ್ರೆ, ವಂದನೆ. ನೀವೆಲ್ಲಾ ಸಹಾಯ ಮಾಡ್ತೀವಿ ಅಂದಿರಿ. ನಮಗೆ ಬೇಕಾಗಿದೆ. ಡಯಾಲಿಸಿಸ್ ಇರೋ ಮೂರು ದಿನ ರಾತ್ರಿ ಮಗಳಿಗೂ ನನಗೂ ಊಟ ಕಳಿಸಿದರೆ ಸಾಕು. ಇವರ ಅಡುಗೆ ನಾನೇ ಮಾಡ್ತೀನಿ, ಪಥ್ಯ ಇದೆ. ಎಳನೀರು, ಬಾಳೆಹಣ್ಣು, ಉಪ್ಪಿನಕಾಯಿ ತರಬೇಡಿ. ಬೇರೆ ಹಣ್ಣು ತರಬಹುದು. ಬುಧವಾರ ಗಂಡಸರು ಯಾರಾದರೂ ದವಾಖಾನೆಯಲ್ಲಿ ಇವರ ಜೊತೆ ಕೂತರೆ ನಾನು ಶಾಲೆಗೆ ಹೋಗ್ತೀನಿ. ಆಯುಷ್ಮಾನ್ ಕಾಗದಪತ್ರಕ್ಕೆ ಒಬ್ಬರು ಬೇಕು. ಮಗಳಿಗೆ ಗಣಿತ ಹೇಳಿಕೊಡೋರು ಇದ್ದರೆ ಅವರ ಮನೆಗೇ ಬರ್ತಾಳೆ. ಭಾನುವಾರ ನಮ್ಮ ಹೆಸರು ಹೇಳೋದು ಬೇಡ, ಮನೆಯಲ್ಲಿ ಪ್ರಾರ್ಥನೆ ಮಾಡಿ. ಗ್ರೂಪಿನಲ್ಲಿ ಹಾಕಬೇಡಿ."

ನಿವೃತ್ತ ನರ್ಸ್, ನವನಗರ ಬಾಗಲಕೋಟೆ

ಚೆನ್ನಾಗಿದೆ ತಂಗಿ. ‘ಬೇರೆ ಹಣ್ಣು ತರಬಹುದು’ ಅನ್ನೋದು ಮಾತ್ರ ತೆಗೆಯಿರಿ. ಕಿತ್ತಳೆ, ಮೋಸಂಬಿ ತಂದುಬಿಡ್ತಾರೆ, ಅವೂ ಬೇಡ. ‘ಹಣ್ಣು ತರೋದಾದರೆ ಒಂದೆರಡು ಸೇಬು’ ಅಂತ ಬರೆಯಿರಿ. ಇನ್ನೊಂದು ಸೇರಿಸಿ: ನೆಗಡಿ, ಜ್ವರ ಇದ್ದವರು ಬುಧವಾರದ ಪಾಳಿಗೆ ಬರಬಾರದು. ಜೊತೆಗೆ ಯಾವ ಕೈಗೆ ಫಿಸ್ಟುಲಾ ಅಂತ ಬರೆದುಬಿಡಿ. ಬರೆದು ಇವತ್ತೇ ಕಳಿಸಿ, ಇವತ್ತು ಸೋಮವಾರ, ಬುಧವಾರಕ್ಕೆ ಜನ ಆಗಬೇಕಲ್ಲ.